ಟೊಮೆಟೊ ಬಿಟ್ಟರೆ ಬೇರೇನೂ ಮುಟ್ಟದ ಗುಂಡ

ನಮ್ಮನೆ ಗುಂಡನಿಗೆ ಹಸಿವಿಗಿಂತ ಹಟ ಜಾಸ್ತಿ. ಗುಂಡ ಅಂದ್ರೆ ಆಮೆ. ನಾವಿರೋದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್ ಊರಲ್ಲಿ. ಇಲ್ಲಿಯ ಸೊನೊರನ್ ಮರುಭೂಮಿ ಆಮೆಯನ್ನು ಕಾಡಿನಿಂದ ಹಿಡಿದು ತರುವಂತಿಲ್ಲ. ಆದರೆ ಮನೆಗಳಲ್ಲೇ ಬೆಳೆದು, ಸಾಕಿದವರಿಗೆ ಬೇಡವಾದ ಆಮೆಗಳನ್ನು ರಾಜ್ಯದ ವನ್ಯಜೀವಿ ಇಲಾಖೆ ದತ್ತು ಕೊಡಿಸುತ್ತೆ. ಹಿತ್ತಲಿಗೆ ಗಟ್ಟಿ ಕಾಂಪೌಂಡ್ ಇರಬೇಕು, ಅದು ಅವಿತುಕೊಳ್ಳೋಕೆ ಒಂದು ಬಿಲ ಇರಬೇಕು. ಅಷ್ಟನ್ನೂ ಮಾಡಿಟ್ಟು ಏಪ್ರಿಲ್‌ನಲ್ಲಿ ಗುಂಡನನ್ನು ತಂದೆವು.

ಹಿಂದಿನ ಮನೆಯಲ್ಲಿ ಅವನಿಗೆ ಟೊಮೆಟೊ, ಬಾಳೆಹಣ್ಣು, ಸ್ಟ್ರಾಬೆರಿ ರೂಢಿಯಾಗಿತ್ತು. ಪ್ರೀತಿಯಿಂದಲೇ ಕೊಟ್ಟಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಅವನ ಚಿಪ್ಪಿನ ಮೇಲೆ ಪುಟ್ಟ ಪುಟ್ಟ ಗೋಪುರಗಳಂತೆ ಉಬ್ಬುಗಳೆದ್ದಿದ್ದವು. ಬೆಳೆಯುವ ವಯಸ್ಸಲ್ಲಿ ಆಹಾರ, ನೀರು, ಬಿಸಿಲು ಸರಿಯಾಗಿ ಸಿಗದಿದ್ದರೆ ಹೀಗಾಗುತ್ತೆ. ಒಮ್ಮೆ ಎದ್ದ ಉಬ್ಬು ಮತ್ತೆ ಇಳಿಯಲ್ಲ. ಮುಂದಕ್ಕೆ ಕೆಡದಂತೆ ನೋಡಿಕೊಳ್ಳೋದಷ್ಟೇ ನಮ್ಮ ಕೈಲಿರೋದು.

ಲೆಕ್ಕ ತಪ್ಪೋದು ಎಲ್ಲಿ?

ಆಮೆಯ ಚಿಪ್ಪು ಬರೀ ಹೊದಿಕೆಯಲ್ಲ, ಮೂಳೆಯೇ. ಅದಕ್ಕೆ ಕ್ಯಾಲ್ಸಿಯಂ ಬೇಕು, ಮತ್ತು ಆಹಾರದಲ್ಲಿ ಫಾಸ್ಫರಸ್‌ಗಿಂತ ಕ್ಯಾಲ್ಸಿಯಂ ಕನಿಷ್ಠ ಎರಡು ಪಟ್ಟಾದರೂ ಇರಬೇಕು. ಈಗ ಲೆಕ್ಕ ನೋಡಿ: 100 ಗ್ರಾಂ ಟೊಮೆಟೊದಲ್ಲಿ ಕ್ಯಾಲ್ಸಿಯಂ ಸುಮಾರು 10 ಮಿಲಿಗ್ರಾಂ, ಫಾಸ್ಫರಸ್ 24. ಬಾಳೆಹಣ್ಣಲ್ಲಿ 5ಕ್ಕೆ 22. ಪೂರ್ತಿ ಉಲ್ಟಾ! ಅದೇ ಪಾಪಾಸುಕಳ್ಳಿಯ ಹಸಿರು ಪಟ್ಟೆಯಲ್ಲಿ 164ಕ್ಕೆ 16, ದ್ರಾಕ್ಷಿ ಎಲೆಯಲ್ಲಿ 363ಕ್ಕೆ 91.

ಹಾಗಂತ ಪಾಲಕ್ ಸೊಪ್ಪು ರಾಶಿ ಹಾಕೋ ಹಾಗೂ ಇಲ್ಲ. ಅದರಲ್ಲಿರುವ ಆಕ್ಸಲೇಟ್, ಕ್ಯಾಲ್ಸಿಯಂ ಮೈಗೆ ಹತ್ತೋಕೆ ಬಿಡಲ್ಲ. ನಾಯಿ, ಬೆಕ್ಕಿನ ಆಹಾರವಂತೂ ದೂರವೇ ಇರಲಿ.

ಮರುಭೂಮಿಯ ಆಮೆಗೆ ಮುಖ್ಯ ಊಟ ಹುಲ್ಲು. ಫೀನಿಕ್ಸ್ ಸುತ್ತಮುತ್ತಲ ಲಾನ್‌ಗಳಲ್ಲೆಲ್ಲ ಬೆಳೆಯೋ ಬರ್ಮುಡಾ ಹುಲ್ಲು ಬೇರೇನೂ ಅಲ್ಲ, ನಮ್ಮ ಗರಿಕೆ! ಔಷಧಿ ಹೊಡೆಯದ ಗರಿಕೆ, ದಾಸವಾಳದ ಎಲೆ-ಹೂವು, ಹಿಪ್ಪುನೇರಳೆ ಸೊಪ್ಪು, ಪಾಪಾಸುಕಳ್ಳಿ ಇದ್ದರೆ ಅವನ ತಟ್ಟೆ ಹೆಚ್ಚುಕಮ್ಮಿ ತುಂಬಿದ ಹಾಗೆ. ಮುಳ್ಳು ತೆಗೆದ ಕಳ್ಳಿ ಇಲ್ಲಿನ ಮೆಕ್ಸಿಕನ್ ಅಂಗಡಿಗಳಲ್ಲಿ 'ನೊಪಾಲೆಸ್' ಅನ್ನೋ ತರಕಾರಿಯಾಗಿ ಸಿಗುತ್ತೆ.

ಹಟಕ್ಕೆ ಮದ್ದು

ಪಟ್ಟಿ ಬರೆಯೋದು ಸುಲಭ. ಗುಂಡ ಗರಿಕೆಯನ್ನು ಮೂಸಿ, ತುಳಿದು, ಮುಂದೆ ಹೋಗ್ತಿದ್ದ.

ಒಂದೇ ಏಟಿಗೆ ಟೊಮೆಟೊ ನಿಲ್ಲಿಸಲಿಲ್ಲ. ಮೊದಲ ವಾರ ಮುಕ್ಕಾಲು ಭಾಗ ಟೊಮೆಟೊ, ಕಾಲು ಭಾಗ ಸೊಪ್ಪು, ಎರಡನ್ನೂ ಕೋಸಂಬರಿಗಿಂತ ಸಣ್ಣಗೆ ಹೆಚ್ಚಿ ಕಲಸಿದೆ. ಆರಿಸಿ ತಿನ್ನೋಕೆ ಜಾಗವೇ ಇರಬಾರದು. ವಾರ ವಾರ ಟೊಮೆಟೊ ಕಮ್ಮಿ ಮಾಡುತ್ತಾ ಬಂದೆ. ಕಳ್ಳಿಯ ಹೋಳಿಗೆ ಟೊಮೆಟೊ ರಸ ಸವರಿದೆ. ಕೆಂಪು ಬಣ್ಣ ಕಂಡರೆ ಅವನು ತಿರುಗಿ ನೋಡ್ತಾನಲ್ಲ, ಅದಕ್ಕೇ ಮೇಲೊಂದು ಕೆಂಪು ದಾಸವಾಳ. ಬೆಳಗಿನ ಬಿಸಿಲಿಗೆ ಮೈ ಬೆಚ್ಚಗಾದ ಮೇಲೆಯೇ ಊಟ. ತಣ್ಣಗಿರೋ ಆಮೆಗೆ ಹಸಿವೂ ಆಗಲ್ಲ, ತಿಂದಿದ್ದು ಜೀರ್ಣವೂ ಆಗಲ್ಲ.

ಭಾನುವಾರ ತೂಕ ನೋಡಿ ಸ್ಪ್ರೆಡ್‌ಶೀಟ್‌ಗೆ ಹಾಕ್ತಿದ್ದೆ. ಸಾಫ್ಟ್‌ವೇರ್‌ನವನ ಚಾಳಿ ಅನ್ನಿ. ಆದರೆ ಹಟ ಯಾವುದು, ಕಾಯಿಲೆ ಯಾವುದು ಅಂತ ತಿಳಿಯೋಕೆ ಅದೊಂದು ದಾರಿ. ದೊಡ್ಡ, ಆರೋಗ್ಯವಾದ ಆಮೆ ಒಂದೆರಡು ದಿನ ತಿನ್ನದಿದ್ದರೆ ಗಾಬರಿ ಬೇಡ. ತೂಕ ಇಳೀತಾನೇ ಇದ್ದರೆ, ಕಣ್ಣು ಊದಿದರೆ, ಮೂಗು ಸೋರಿದರೆ, ತಡಮಾಡದೆ ಸರೀಸೃಪ ನೋಡೋ ಪಶುವೈದ್ಯರ ಹತ್ತಿರ ಓಡಬೇಕು.

ಅಮ್ಮನ ಆಗಮನ

ಇದರ ಮಧ್ಯೆ ತುಮಕೂರಿಂದ ಅಮ್ಮ ಬಂದರು. "ಮೂಕಪ್ರಾಣಿನ ಉಪವಾಸ ಕೆಡವ್ತೀಯಲ್ಲೋ, ಪಾಪ ಬರಲ್ವೇನೋ?" ಮೂರನೇ ದಿನ ನೋಡಿದರೆ ಗುಂಡನ ಮೂತಿಗೆ ಬಾಳೆಹಣ್ಣು ಮೆತ್ತಿಕೊಂಡಿತ್ತು.

"ಅಮ್ಮ, ನಿಂಗೆ ಶುಗರ್ ಅಂತ ಅಪ್ಪ ಮೈಸೂರ್ ಪಾಕ್ ಡಬ್ಬ ಬಚ್ಚಿಡಲ್ವಾ? ಇದೂ ಹಾಗೇನೆ" ಅಂದೆ.

"ನಿಮ್ಮಪ್ಪ ಬಚ್ಚಿಡೋ ಜಾಗ ನಂಗೆ ಗೊತ್ತು ಕಣೋ" ಅಂತ ನಕ್ಕರು. ಆದರೆ ಅವನಿಗೆ ಬೇಕಿರೋದು ಗರಿಕೆ ಅಂತ ತಿಳಿದ ಮೇಲೆ ಅವರ ವರಸೆಯೇ ಬದಲಾಯ್ತು. "ಗಣಪತಿಗೆ ಏರಿಸೋ ಗರಿಕೆನಾ? ಮೊದಲೇ ಹೇಳೋದಲ್ವಾ!" ದಿನಾ ಬೆಳಗ್ಗೆ ಎಳೆ ಗರಿಕೆ ಆರಿಸಿ ಎರಡು ಪಾಲು ಮಾಡೋದು ಅವರದೇ ಕೆಲಸವಾಯ್ತು. ಒಂದು ದೇವರಿಗೆ, ಒಂದು ಗುಂಡನಿಗೆ.

ಸೆಪ್ಟೆಂಬರ್ ಹೊತ್ತಿಗೆ ತಟ್ಟೆಯಿಂದ ಟೊಮೆಟೊ ಪೂರ್ತಿ ಹೋಗಿತ್ತು. ನಾನು ಅವಸರ ಪಟ್ಟಿದ್ದಕ್ಕೂ ಕಾರಣವಿತ್ತು. ಚಳಿಗಾಲ ಶುರುವಾದರೆ ಈ ಆಮೆಗಳು ಬಿಲ ಸೇರಿ ತಿಂಗಳುಗಟ್ಟಲೆ ಮಲಗುತ್ತವೆ, ಆಗ ಏನನ್ನೂ ತಿನ್ನಲ್ಲ. ಅದಕ್ಕೆ ಮೊದಲು ಮೈ ಗಟ್ಟಿಯಾಗಿರಬೇಕು.

ಇದನ್ನು ಓದಿ ಊರಲ್ಲೊಂದು ನಕ್ಷತ್ರ ಆಮೆ ಸಾಕೋಣ ಅನ್ನೋ ಆಸೆ ಬಂದರೆ ದಯವಿಟ್ಟು ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮಾರೋದು, ಕೊಳ್ಳೋದು, ಮನೆಯಲ್ಲಿ ಸಾಕೋದು ಎಲ್ಲವೂ ಅಪರಾಧ.

ಗುಂಡನಂಥ ಆಮೆ 50 ವರ್ಷಕ್ಕೂ ಮೇಲೆ ಬದುಕುತ್ತೆ. ನಮ್ಮ ವೀಸಾ ಅಷ್ಟು ದಿನ ಬಾಳಲ್ಲ. ಅವನನ್ನು ರಾಜ್ಯದ ಆಚೆ ಒಯ್ಯುವಂತಿಲ್ಲ, ಕಾಡಿಗೆ ಬಿಡುವಂತೆಯೂ ಇಲ್ಲ. ನಾವು ಊರಿಗೆ ಹೊರಟ ದಿನ ಅವನು ಇನ್ನೊಂದು ಮನೆಗೆ ಹೋಗ್ತಾನೆ. ಆ ಮನೆಯವರಿಗೆ ಕೊಡೋಕೆ ತೂಕದ ಪಟ್ಟಿ, ಸೊಪ್ಪಿನ ಪಟ್ಟಿ ಒಂದು ಫೈಲಲ್ಲಿ ಹಾಕಿಟ್ಟಿದ್ದೇನೆ. ಈ ಸಲ ಅವನ ಜೊತೆ ಹೋಗೋದು ಟೊಮೆಟೊ ಚಟ ಅಲ್ಲ, ಗರಿಕೆಯ ರುಚಿ.