ಕಬ್ಬಿಣದ ಪುಡಿಗೆ ಅಂಟು ಬೆರೆಸಿದರೆ ಮನೆಯಲ್ಲೇ ಫೆರೈಟ್ ಕೋರ್ ಆಗುತ್ತದೆಯೇ?

ಕಬ್ಬಿಣದ ಪುಡಿಗೆ ಎಪಾಕ್ಸಿ ಅಂಟು ಬೆರೆಸಿ, ಅಚ್ಚಿಗೆ ತುಂಬಿ ಒಣಗಿಸಿದರೆ ಸಾಕು, ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್‌ಗೆ ಬೇಕಾದ ಫೆರೈಟ್ ಕೋರ್ ರೆಡಿ ಎನ್ನುವ ವಿಡಿಯೋಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹೋಗುತ್ತಿರುತ್ತವೆ. ಯಲಹಂಕ, ಹೆಬ್ಬಾಳದ ಕಡೆ ಇಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಪ್ರಾಜೆಕ್ಟ್ ಸಮಯದಲ್ಲಿ ಇಂಥ ವಿಡಿಯೋ ನೋಡಿ ಕೈಹಾಕುವ ವಿದ್ಯಾರ್ಥಿ ನಿಮ್ಮ ಮನೆಯಲ್ಲೂ ಇರಬಹುದು. ಹಾಗಾದರೆ ಇದು ನಿಜವೇ? ನೋಡೋಣ.

ಫೆರೈಟ್ ಎಂದರೇನು?

ಟ್ರಾನ್ಸ್‌ಫಾರ್ಮರ್‌ನಲ್ಲಿ ತಂತಿ ಸುತ್ತಲು ಒಳಗೆ ಇಡುವ ತಿರುಳೇ ಕೋರ್. ಒಂದು ಸುರುಳಿಯ ಕಾಂತಕ್ಷೇತ್ರವನ್ನು ಇನ್ನೊಂದು ಸುರುಳಿಗೆ ಮುಟ್ಟಿಸುವುದು ಅದರ ಕೆಲಸ. ಫೆರೈಟ್ ಲೋಹವಲ್ಲ, ಅದೊಂದು ಸೆರಾಮಿಕ್, ಅಂದರೆ ನಮ್ಮ ಮಡಕೆ, ಪಿಂಗಾಣಿಯ ಬಳಗ. ಜಪಾನಿನ ಯೊಗೊರೊ ಕಾಟೊ ಮತ್ತು ತಾಕೇಶಿ ತಾಕೆಯಿ 1930ರಲ್ಲಿ ಇದನ್ನು ಕಂಡುಹಿಡಿದರು. ಇದನ್ನು ತಯಾರಿಸಿ ಮಾರಲೆಂದೇ 1935ರಲ್ಲಿ ಟಿಡಿಕೆ ಕಂಪನಿ ಹುಟ್ಟಿತು.

ಕಾರ್ಖಾನೆಯಲ್ಲಿ ಕಬ್ಬಿಣದ ಆಕ್ಸೈಡಿಗೆ ಮ್ಯಾಂಗನೀಸ್, ಸತು ಅಥವಾ ನಿಕ್ಕಲ್‌ನ ಆಕ್ಸೈಡುಗಳನ್ನು ಲೆಕ್ಕ ಹಾಕಿ ಬೆರೆಸುತ್ತಾರೆ. ಒಮ್ಮೆ ಸುಟ್ಟು, ನುಣ್ಣಗೆ ಅರೆದು, ಅಚ್ಚಿನಲ್ಲಿ ಒತ್ತಿ, ಮತ್ತೆ 1200ರಿಂದ 1400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಮ್ಯಾಂಗನೀಸ್-ಸತು ಫೆರೈಟ್ ಆದರೆ ಕುಲುಮೆಯೊಳಗೆ ಆಮ್ಲಜನಕ ಎಷ್ಟಿರಬೇಕು ಎಂಬುದನ್ನೂ ನಿಯಂತ್ರಿಸಬೇಕು. ಈ ಸುಡುವಿಕೆಯಲ್ಲೇ ಕಣಗಳು ಬೆಸೆದು ಹೊಸ ಹರಳು ರಚನೆ ಆಗುತ್ತದೆ. ಅಡುಗೆ ಮನೆಯ ಓವನ್ 250 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಸಿ ಮಣ್ಣಿನ ಗಡಿಗೆಯನ್ನು ನೆರಳಲ್ಲಿ ಒಣಗಿಸಿ ನೀರು ತುಂಬಿದರೆ ಏನಾಗುತ್ತದೋ, ಅಂಟಿನಲ್ಲಿ ಒಣಗಿದ ಈ ಕೋರ್‌ನ ಕಥೆಯೂ ಅದೇ.

ಅಂಟಿನ ಕೋರ್ ಕೆಲಸ ಮಾಡುವುದೇ ಇಲ್ಲವೇ?

ಸ್ವಲ್ಪ ಮಾಡುತ್ತದೆ, ಗೊಂದಲ ಹುಟ್ಟುವುದೂ ಅಲ್ಲೇ. ಕಬ್ಬಿಣದ ಪುಡಿಯ ಕೋರ್‌ಗಳನ್ನು ಕಂಪನಿಗಳೂ ತಯಾರಿಸುತ್ತವೆ, ಆದರೆ ಅವು ಬೇರೆ ಕೆಲಸಕ್ಕೆ. ಕಾಂತಕ್ಷೇತ್ರಕ್ಕೆ ಎಷ್ಟು ಸಲೀಸಾಗಿ ದಾರಿ ಬಿಡುತ್ತದೆ ಎಂಬುದರ ಅಳತೆಗೆ ಪರ್ಮಿಯಬಿಲಿಟಿ ಎನ್ನುತ್ತಾರೆ. ಪವರ್ ಸಪ್ಲೈಗಳಲ್ಲಿ ಬಳಸುವ ಫೆರೈಟ್‌ನಲ್ಲಿ ಇದು ಸುಮಾರು 2000. ಮನೆಯಲ್ಲಿ ಕಲಸಿದ ಪುಡಿಯಲ್ಲಿ ಕಣಕಣದ ನಡುವೆಯೂ ಅಂಟು ಕೂತಿರುವುದರಿಂದ ಹತ್ತಾರರ ಮಟ್ಟ ದಾಟುವುದೇ ಕಷ್ಟ. ಆಗ ಸುರುಳಿ ವಿಪರೀತ ಕರೆಂಟ್ ಎಳೆಯುತ್ತದೆ, ತಂತಿ ಕಾಯುತ್ತದೆ, ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ. ನೇರವಾಗಿ 230 ವೋಲ್ಟ್ ಪ್ಲಗ್‌ಗೆ ಸಿಕ್ಕಿಸಿದರಂತೂ ಶಾರ್ಟ್ ಸರ್ಕ್ಯೂಟ್‌ಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ.

ಹಳೆಯ ಸ್ಪೀಕರ್‌ನ ಕಪ್ಪು ಅಯಸ್ಕಾಂತ ಪುಡಿ ಮಾಡಿದರೆ? ಅದೂ ಫೆರೈಟೇ, ಆದರೆ ಕಾಂತತ್ವವನ್ನು ಬಿಡದೆ ಹಿಡಿದುಕೊಳ್ಳುವ ಜಾತಿ. ಟ್ರಾನ್ಸ್‌ಫಾರ್ಮರ್‌ಗೆ ಬೇಕಾದದ್ದು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಜಾತಿ.

ಹೈ ವೋಲ್ಟೇಜ್‌ಗೆ ಫೆರೈಟೇ ಬೇಕೇ?

ಇಲ್ಲ. ನಿಮ್ಮ ಬೀದಿಯ ಬೆಸ್ಕಾಂ ಟ್ರಾನ್ಸ್‌ಫಾರ್ಮರ್ 11,000 ವೋಲ್ಟ್ ಅನ್ನು 433 ವೋಲ್ಟ್‌ಗೆ ಇಳಿಸುತ್ತದೆ. ಅದರೊಳಗಿರುವುದು ಫೆರೈಟ್ ಅಲ್ಲ, ತೆಳುವಾದ ಸಿಲಿಕಾನ್ ಉಕ್ಕಿನ ಹಾಳೆಗಳು. ಕೋರ್ ಯಾವುದು ಎಂದು ನಿರ್ಧರಿಸುವುದು ಮುಖ್ಯವಾಗಿ ಫ್ರೀಕ್ವೆನ್ಸಿ. ನಮ್ಮ ಕರೆಂಟಿನ 50 ಹರ್ಟ್ಸ್‌ಗೆ ಉಕ್ಕು ಸಾಕು. ಮೊಬೈಲ್ ಚಾರ್ಜರ್‌ನೊಳಗೆ ಹತ್ತಾರು ಸಾವಿರ ಹರ್ಟ್ಸ್ ಇರುತ್ತದೆ. ಅಲ್ಲಿ ಉಕ್ಕಿನೊಳಗೆ ಸುಳಿ ಪ್ರವಾಹಗಳು ಎದ್ದು ಕೋರ್ ಕಾದು ಕೆಂಡವಾಗುತ್ತದೆ. ಫೆರೈಟ್ ವಿದ್ಯುತ್ತನ್ನು ಸುಲಭವಾಗಿ ಹರಿಯಬಿಡದ ಕಾರಣ ತಡೆದುಕೊಳ್ಳುತ್ತದೆ.

ನಿಜವಾದ ಅಪಾಯ ಎಲ್ಲಿದೆ?

ಕೋರ್ ಕೈಕೊಟ್ಟರೆ ಹೋಗುವುದು ಒಂದಿಷ್ಟು ದುಡ್ಡು. ಯಶಸ್ವಿಯಾದರೆ ಎದುರಿಗೆ ಇರುವುದು ಸಾವಿರಾರು ವೋಲ್ಟ್. ಮೈಕ್ರೋವೇವ್ ಓವನ್‌ನಿಂದ ಕಿತ್ತ ಟ್ರಾನ್ಸ್‌ಫಾರ್ಮರ್ ಸುಮಾರು 2000 ವೋಲ್ಟ್ ಕೊಡುತ್ತದೆ. ಅದರಿಂದ ಮರದ ಮೇಲೆ ಮಿಂಚಿನ ಚಿತ್ತಾರ ಮೂಡಿಸಲು ಹೋಗಿ ಅಮೆರಿಕದಲ್ಲಿ 30ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಅಲ್ಲಿನ ಮರಗೆಲಸಗಾರರ ಸಂಘ ಅಮೆರಿಕನ್ ಅಸೋಸಿಯೇಷನ್ ಆಫ್ ವುಡ್‌ಟರ್ನರ್ಸ್ ತನ್ನ ಕಾರ್ಯಕ್ರಮಗಳಲ್ಲಿ ಇದನ್ನು ನಿಷೇಧಿಸಿದೆ.

ಮನೆಯಲ್ಲಿ ಆರ್‌ಸಿಸಿಬಿ ಇದೆ, ಶಾಕ್ ಹೊಡೆದರೆ ಟ್ರಿಪ್ ಆಗುತ್ತದೆ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. ಒಳಬಂದ ಕರೆಂಟೂ ವಾಪಸ್ ಹೋದ ಕರೆಂಟೂ ಸಮವೇ ಎಂದು ನೋಡುವುದಷ್ಟೇ ಅದರ ಕೆಲಸ. ಟ್ರಾನ್ಸ್‌ಫಾರ್ಮರ್‌ನ ಆಚೆ ಬದಿಯಲ್ಲಿ ನಿಮ್ಮ ಮೈಯೊಳಗೆ ಹರಿಯುವ ಕರೆಂಟ್ ಆಚೆಯೇ ಸುತ್ತಿ ಮುಗಿಯುತ್ತದೆ. ಈಚೆ ಬದಿಯ ಲೆಕ್ಕ ಸಮವಾಗಿಯೇ ಕಾಣುತ್ತದೆ. ಸ್ವಿಚ್ ಬೀಳುವುದಿಲ್ಲ, ಮನುಷ್ಯ ಬೀಳುತ್ತಾನೆ.

ಕಲಿಯುವ ಆಸೆ ಇದ್ದರೆ?

ಆಸೆ ಒಳ್ಳೆಯದೇ. ಎಸ್‌ಪಿ ರೋಡ್‌ನಂಥ ಕಡೆ ಸಿದ್ಧ ಫೆರೈಟ್ ಕೋರ್ ಕೇಳಿ ಕೊಳ್ಳಿ, ಬ್ಯಾಟರಿಯ ಕಡಿಮೆ ವೋಲ್ಟೇಜ್‌ನಲ್ಲೇ ಪ್ರಯೋಗ ಮಾಡಿ. ಸುತ್ತು, ಫ್ರೀಕ್ವೆನ್ಸಿ, ಕೋರ್‌ಗಳ ಸಂಬಂಧ ಅಲ್ಲೂ ಅಷ್ಟೇ ಚೆನ್ನಾಗಿ ಅರ್ಥವಾಗುತ್ತದೆ. ಹಳೆಯ ಡಬ್ಬಾ ಟಿವಿ ಬಿಚ್ಚಿ ಕೋರ್ ತೆಗೆಯಬೇಡಿ, ಆಫ್ ಮಾಡಿದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಹೈ ವೋಲ್ಟೇಜೇ ಬೇಕೆಂದರೆ ಕಾಲೇಜಿನ ಲ್ಯಾಬ್‌ನಲ್ಲಿ, ಅನುಭವಿ ಮೇಷ್ಟ್ರ ಎದುರಲ್ಲಿ ಮಾಡಿ. ಯಶವಂತಪುರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೈ ವೋಲ್ಟೇಜ್ ಪ್ರಯೋಗಾಲಯವಿದೆ. ಸಿ.ವಿ. ರಾಮನ್ ರಸ್ತೆಯಲ್ಲಿ 1960ರಲ್ಲಿ ಶುರುವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಟ್ರಾನ್ಸ್‌ಫಾರ್ಮರ್‌ಗಳನ್ನು ಪರೀಕ್ಷಿಸುತ್ತದೆ. ಪಳಗಿದವರೂ ಇಂಥ ಕೆಲಸಕ್ಕೆ ಬೇಲಿ, ಅರ್ಥಿಂಗ್ ಕೋಲು ಇಲ್ಲದೆ ಇಳಿಯುವುದಿಲ್ಲ.

ಯಾರಿಗಾದರೂ ಶಾಕ್ ಹೊಡೆದರೆ ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ನಂತರ 112ಕ್ಕೆ ಕರೆ ಮಾಡಿ.

ತೀರ್ಮಾನ: ಅಂಟು ಬೆರೆಸಿದ ಕಬ್ಬಿಣದ ಪುಡಿ ಫೆರೈಟ್ ಅಲ್ಲ. ಸುಡದೆ ಫೆರೈಟ್ ಆಗುವುದಿಲ್ಲ, ಆ ಶಾಖ ಮನೆಯಲ್ಲಿ ಸಿಗುವುದಿಲ್ಲ. ಆ ವಿಡಿಯೋ ನಿಮ್ಮ ಗುಂಪಿಗೂ ಬಂದರೆ ಮುಂದಕ್ಕೆ ಕಳಿಸಬೇಡಿ, ಕಳಿಸಿದವರಿಗೆ ಇದನ್ನು ಓದಲು ಹೇಳಿ.