ಒಂದು ಒಲೆ, ನೂರು ದಿನ

2020ರ ಮೇ ತಿಂಗಳು, ಕೊರೊನಾ ಲಾಕ್‌ಡೌನ್ ಕಾಲ. ಮುಂಬಯಿ, ಪುಣೆ, ಬೆಂಗಳೂರಿಗೆ ದುಡಿಯಲು ಹೋಗಿದ್ದವರು ಬರಿಗೈಲಿ ಕಲ್ಯಾಣ ಕರ್ನಾಟಕದ ಊರುಗಳಿಗೆ ಮರಳಿ, ಶಾಲೆಯಲ್ಲಿ ಕ್ವಾರಂಟೈನ್ ಮುಗಿಸಿ ಗುದ್ದಲಿ ಹಿಡಿದಿದ್ದರು. ನರೇಗಾ ಎಂಬ ಉದ್ಯೋಗ ಖಾತ್ರಿ ಯೋಜನೆಯ ಕೆಲಸದಲ್ಲಿ ಬರೀ ಹಾಜರಿ ಸಾಲುತ್ತಿರಲಿಲ್ಲ. ತೋಡಿದ ಗುಂಡಿಗೆ ಟೇಪು ಹಿಡಿದು ಉದ್ದ, ಅಗಲ, ಆಳ ಬರೆದುಕೊಳ್ಳುತ್ತಿದ್ದರು. ಮಣ್ಣು ಕಡಿಮೆಯಾದರೆ ಕೂಲಿಯೂ ಕಡಿಮೆ. ಗಾರೆ ಕಲಸಿ ರೂಢಿಯಾದ ಕೈಗೆ ಬೇಸಿಗೆಯ ಎರೆಭೂಮಿ ಬಂಡೆಯೇ ಸರಿ.

ಆ ವರ್ಷ ನಮ್ಮ ರಾಜ್ಯದಲ್ಲಿ ನರೇಗಾ ದಿನಗೂಲಿ 249ರಿಂದ 275 ರೂಪಾಯಿಗೆ ಏರಿತ್ತು. ಬಜೆಟ್ಟಿನ 61,500 ಕೋಟಿಯ ಮೇಲೆ ಕೇಂದ್ರ ಇನ್ನೂ 40,000 ಕೋಟಿ ಸೇರಿಸಿತು. 2015ರಲ್ಲಿ ಇದೇ ಯೋಜನೆಯನ್ನು ಕಾಂಗ್ರೆಸ್ ವೈಫಲ್ಯದ ಸ್ಮಾರಕ ಎಂದು ಪ್ರಧಾನಿ ಲೋಕಸಭೆಯಲ್ಲಿ ಹಂಗಿಸಿದ್ದರು. ಕಷ್ಟಕಾಲಕ್ಕೆ ಒದಗಿದ್ದು ಆ ಸ್ಮಾರಕವೇ.

ತೊಡಕಿದ್ದದ್ದು ಲೆಕ್ಕದಲ್ಲಿ. ನರೇಗಾದ 2005ರ ಕಾಯ್ದೆ ನೂರು ದಿನ ಕೊಡುತ್ತಿದ್ದುದು ಆಳಿಗಲ್ಲ, ಕುಟುಂಬಕ್ಕೆ. ಕುಟುಂಬವೆಂದರೆ ಒಟ್ಟಿಗಿದ್ದು ಒಂದೇ ಒಲೆಯಲ್ಲಿ ಉಣ್ಣುವವರು, ಇಲ್ಲವೇ ಒಂದೇ ರೇಷನ್ ಕಾರ್ಡಿನವರು. ಅಪ್ಪ, ಅವ್ವ ಇಬ್ಬರೇ ಇದ್ದ ಮನೆಗೆ ಮಗ, ಸೊಸೆ ಬಂದರೆ ತಲೆಗೆ ಇಪ್ಪತ್ತೈದೇ ದಿನ. ವರ್ಷವಿಡೀ ನಾಲ್ವರೂ ಸೇರಿ ಗಳಿಸಬಹುದಾದದ್ದು 27,500 ರೂಪಾಯಿ. ಅದಾದರೂ ಪೂರ್ತಿ ಸಿಕ್ಕಿತೇ? 2020–21ರಲ್ಲಿ ದೇಶದಾದ್ಯಂತ ಸುಮಾರು 7.5 ಕೋಟಿ ಕುಟುಂಬಗಳು ಕೆಲಸ ಮಾಡಿದವು. ಸರಾಸರಿ ಸಿಕ್ಕಿದ್ದು 52 ದಿನದ ಆಸುಪಾಸು.

ಜೂನ್‌ನಲ್ಲಿ ಕೇಂದ್ರ 125 ದಿನಗಳ ಗರೀಬ್ ಕಲ್ಯಾಣ್ ರೋಜ್‌ಗಾರ್ ಅಭಿಯಾನ ಶುರುಮಾಡಿತು. ಆರು ರಾಜ್ಯಗಳ 116 ಜಿಲ್ಲೆಗಳ ಆ ಪಟ್ಟಿಯಲ್ಲಿ ನಮ್ಮದೊಂದೂ ಇರಲಿಲ್ಲ.

ಪೇಟೆಯಲ್ಲೇ ಉಳಿದವರ ಪಾಡು ಬೇರೆ. ನರೇಗಾ ಇದ್ದದ್ದು ಹಳ್ಳಿಗಷ್ಟೇ. ಕ್ಷೌರಿಕರಿಗೆ, ಅಗಸರಿಗೆ, ಆಟೋ–ಟ್ಯಾಕ್ಸಿ ಚಾಲಕರಿಗೆ ರಾಜ್ಯ ಸರ್ಕಾರ ಘೋಷಿಸಿದ್ದು ಒಂದು ಸಲದ 5,000 ರೂಪಾಯಿ. ಕೆಲಸ ಕಳೆದುಕೊಂಡ ಇಎಸ್‌ಐ ವಿಮಾದಾರರಿಗೆ ತೊಂಬತ್ತು ದಿನದವರೆಗೆ ಅರ್ಧ ಕೂಲಿ ಎಂಬ ನಿಯಮವೂ ಬಂತು. ಒಳ್ಳೆಯದೇ, ಆದರೆ ಮೇಸ್ತ್ರಿ ಬಾಯಿಮಾತಲ್ಲಿ ಕರೆದು ಕೆಲಸಕ್ಕೆ ಹಚ್ಚಿದವನಿಗೆ ಇಎಸ್‌ಐ ನಂಬರ್ ಎಲ್ಲಿಂದ ಬರಬೇಕು?

ಮಳೆಗಾಲ ಕಳೆಯುವಷ್ಟರಲ್ಲಿ ಮೇಸ್ತ್ರಿಗಳ ಫೋನುಗಳು ಮತ್ತೆ ಶುರುವಾದವು. ನರೇಗಾದ ಜಾಬ್ ಕಾರ್ಡಿನಲ್ಲಿ ದಿನ ಉಳಿದಿದ್ದವರೂ ಬಸ್ಸು ಹತ್ತಿದರು. ಕಾರ್ಡು ಮನೆಯ ಟ್ರಂಕಿನಲ್ಲೇ ಉಳಿಯಿತು. ಕಟ್ಟಡದ ಕೆಲಸಕ್ಕೆ ಅದನ್ನು ಯಾರೂ ಕೇಳುವುದಿಲ್ಲ.