ಮಗುವಿನ ಕಲಿಕೆ: ಶಾಲೆ ಪೋಷಕರಿಗೆ ಹೇಳಬೇಕಾದದ್ದೇನು?

ಶಾಲೆಯಿಂದ ಕರೆ ಬಂದಿದೆ ಎಂದರೆ ನಮ್ಮಲ್ಲಿ ಬಹುತೇಕ ತಂದೆ-ತಾಯಿಯರ ಎದೆ ಒಮ್ಮೆ ಝಲ್ಲೆನ್ನುತ್ತದೆ. ಮಗ ಯಾರಿಗೋ ಹೊಡೆದಿರಬೇಕು, ಮಗಳು ಬಿದ್ದು ಪೆಟ್ಟು ಮಾಡಿಕೊಂಡಿರಬೇಕು, ಇಲ್ಲವೇ ಶುಲ್ಕದ ಕಂತು ಬಾಕಿ ಇರಬೇಕು. ಸರ್ಕಾರಿ ಶಾಲೆಯಾದರೆ ಆಧಾರ್ ಪ್ರತಿಯೋ, ಜಾತಿ ಪ್ರಮಾಣಪತ್ರವೋ, ಬ್ಯಾಂಕ್ ಪಾಸ್‌ಬುಕ್ಕೋ ಬೇಕಾಗಿರುತ್ತದೆ. ಮಗು ಈಗ ಏನನ್ನು ಕಲಿತಿದೆ, ಎಲ್ಲಿ ತೊಡರುತ್ತಿದೆ ಎಂದು ತಿಳಿಸುವುದಕ್ಕೆಂದೇ ಶಾಲೆಯೊಂದು ಪೋಷಕರನ್ನು ಕರೆಯುವುದು ಅಪರೂಪ.

ಹಾಗೆ ತಿಳಿಸುವುದು ಮುಖ್ಯ ಶಿಕ್ಷಕರ ಸೌಜನ್ಯಕ್ಕೆ ಬಿಟ್ಟ ವಿಷಯವೆಂದು ಅನೇಕರು ಭಾವಿಸಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡಿದೆ. ಸರಿಯಾದ ವೇಳೆಗೆ ಶಾಲೆಗೆ ಬರುವುದು, ಪಠ್ಯಕ್ರಮವನ್ನು ಅವಧಿಯೊಳಗೆ ಮುಗಿಸುವುದು ಮುಂತಾದವುಗಳ ಸಾಲಿನಲ್ಲೇ ಇನ್ನೊಂದು ಮಾತಿದೆ: ಪೋಷಕರೊಂದಿಗೆ ನಿಯತವಾಗಿ ಸಭೆ ನಡೆಸಬೇಕು, ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಾದ ಪ್ರಗತಿ ಮತ್ತು ಸಂಬಂಧಿಸಿದ ಇತರ ಸಂಗತಿಗಳನ್ನು ಅವರಿಗೆ ತಿಳಿಸಬೇಕು. ಇದರಲ್ಲಿ ತಪ್ಪಿದವರ ಮೇಲೆ ಸೇವಾ ನಿಯಮಗಳಂತೆ ಶಿಸ್ತುಕ್ರಮಕ್ಕೂ ಅದೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಶಿಕ್ಷಕರೆಲ್ಲರ ಮೇಲಿರುವ ಈ ಹೊಣೆ ನೆರವೇರುವಂತೆ ನೋಡಿಕೊಳ್ಳಬೇಕಾದವರು ಮುಖ್ಯ ಶಿಕ್ಷಕರು.

ಸಮಿತಿಯೆಂದರೆ ಪೋಷಕರೆಲ್ಲರೂ ಅಲ್ಲ

ಈ ವಿಷಯದಲ್ಲಿ ಕರ್ನಾಟಕ ಕೇಂದ್ರದ ಕಾಯ್ದೆಗಿಂತ ಮೊದಲೇ ಹೆಜ್ಜೆಯಿಟ್ಟಿತ್ತು. 2001ರ ಏಪ್ರಿಲ್‌ನಲ್ಲಿ ಹೊರಬಿದ್ದ ಸರ್ಕಾರಿ ಆದೇಶದಂತೆ ಹಳೆಯ ಗ್ರಾಮ ಶಿಕ್ಷಣ ಸಮಿತಿಗಳ ಜಾಗದಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಲ್ಲರ ಬಾಯಲ್ಲಿರುವ ‘ಎಸ್‌ಡಿಎಂಸಿ’, ರಚನೆಯಾಯಿತು. ಶಾಲೆಯ ಮಕ್ಕಳ ಪೋಷಕರೆಲ್ಲ ಸೇರಿ ತಮ್ಮೊಳಗಿಂದ ಸದಸ್ಯರನ್ನು ಆರಿಸಬೇಕೆಂಬುದು ಅದರ ತಿರುಳು. ಮುಂದೆ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಇಂಥ ಸಮಿತಿಯನ್ನು ಇಡೀ ದೇಶಕ್ಕೆ ವಿಸ್ತರಿಸಿತು. ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಭಾಗ ತಂದೆ-ತಾಯಿ ಅಥವಾ ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಅವಕಾಶವಂಚಿತ ಹಾಗೂ ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಪ್ರಮಾಣಾನುಸಾರ ಪ್ರಾತಿನಿಧ್ಯ ಸಿಗಬೇಕು ಎಂದಿತು. ರಾಜ್ಯದಲ್ಲಿ ಈ ಸಮಿತಿಗೆ ಮುಖ್ಯ ಶಿಕ್ಷಕರೇ ಸದಸ್ಯ ಕಾರ್ಯದರ್ಶಿ.

ತೊಡಕು ಇಲ್ಲೇ ಶುರುವಾಗುತ್ತದೆ. ಸಮಿತಿಗೆ ಹೇಳಿದರೆ ಪೋಷಕರಿಗೆ ಹೇಳಿದಂತೆಯೇ ಎಂಬ ಭಾವನೆ ಶಾಲೆಗಳಲ್ಲಿ ಬೇರೂರಿದೆ. ಸಮಿತಿಯ ಸಭೆಯಲ್ಲಿ ಚರ್ಚೆಯಾಗುವುದಾದರೂ ಏನು? ಕಾಂಪೌಂಡ್ ಗೋಡೆ, ಶೌಚಾಲಯ, ಸೋರುವ ಹೆಂಚು, ಕುಡಿಯುವ ನೀರು, ಶೂ-ಸಾಕ್ಸ್ ಖರೀದಿ. ಇವೆಲ್ಲ ಬೇಕಾದ ವಿಷಯಗಳೇ. ಆದರೆ ನಾಲ್ಕನೇ ತರಗತಿಯ ಎಷ್ಟು ಮಕ್ಕಳು ಕನ್ನಡ ಪಾಠವನ್ನು ತಡವರಿಸದೆ ಓದುತ್ತಾರೆ ಎಂಬುದು ನಡಾವಳಿ ಪುಸ್ತಕದಲ್ಲಿ ಕಾಣಸಿಗುವುದು ಕಡಿಮೆ. ಇನ್ನು ಅಧ್ಯಕ್ಷ ಸ್ಥಾನಕ್ಕಾಗಿ ಊರ ರಾಜಕೀಯ ಶಾಲೆಯ ಅಂಗಳಕ್ಕೆ ಬಂದುಬಿಟ್ಟರಂತೂ ಮಕ್ಕಳ ಓದಿನ ಮಾತು ಯಾರಿಗೂ ನೆನಪಾಗುವುದಿಲ್ಲ.

ಪಟ್ಟಣದ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. 21ನೇ ಸೆಕ್ಷನ್ ಅನುದಾನರಹಿತ ಖಾಸಗಿ ಶಾಲೆಗಳಿಗೆ ಅನ್ವಯಿಸುವುದಿಲ್ಲ. ವರ್ಷಕ್ಕೆ ಲಕ್ಷಗಟ್ಟಲೆ ಶುಲ್ಕ ತೆರುವ ತಂದೆಗೆ ಶಾಲೆಯ ಆಡಳಿತದಲ್ಲಿ ಈ ಕಾಯ್ದೆಯಡಿ ಸಿಗದ ಸ್ಥಾನ, ಗಾರೆ ಕೆಲಸದಾಕೆಗೆ ತನ್ನ ಮಗುವಿನ ಸರ್ಕಾರಿ ಶಾಲೆಯಲ್ಲಿ ಹಕ್ಕಾಗಿಯೇ ದೊರೆತಿದೆ. ಅದು ಆಕೆಗೆ ಗೊತ್ತಿದೆಯೇ, ಗೊತ್ತುಮಾಡಿಕೊಟ್ಟವರು ಯಾರಾದರೂ ಇದ್ದಾರೆಯೇ ಎಂಬುದು ಬೇರೆ ಪ್ರಶ್ನೆ.

ಸಭೆ ಎಷ್ಟು ಗಂಟೆಗೆ?

‘ಪೋಷಕರಿಗೆ ಆಸಕ್ತಿಯೇ ಇಲ್ಲ, ಕರೆದರೂ ಬರುವುದಿಲ್ಲ’ ಎಂಬ ದೂರು ಶಿಕ್ಷಕರ ವಲಯದಲ್ಲಿ ಸಾಮಾನ್ಯ. ಸಭೆಯನ್ನು ಎಷ್ಟು ಗಂಟೆಗೆ ಕರೆದಿದ್ದರು ಎಂದು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ವಾರದ ನಡುವೆ, ಬೆಳಗ್ಗೆ ಹನ್ನೊಂದಕ್ಕೆ! ದಿನಗೂಲಿಯವರಿಗೆ ಆ ಒಂದು ಗಂಟೆಯೆಂದರೆ ಪೂರ್ತಿ ದಿನದ ಕೂಲಿ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವ ತಾಯಿಗೆ ಒಂದು ರಜೆಯ ಸಂಬಳ. ಮನೆಗೆಲಸಕ್ಕೆ ಹೋಗುವವರಿಗೆ ಯಜಮಾನಿಯ ಗೊಣಗಾಟ. ಇಷ್ಟನ್ನೆಲ್ಲ ಕಳೆದುಕೊಂಡು ಬಂದರೆ ಕೇಳುವುದು ಸ್ವಾಗತ ಭಾಷಣ, ಪ್ರಾಸ್ತಾವಿಕ ನುಡಿ, ಸುತ್ತೋಲೆಯ ವಾಚನ, ವಂದನಾರ್ಪಣೆ. ಕೊನೆಗೆ ಪುಸ್ತಕದಲ್ಲಿ ಸಹಿ ಅಥವಾ ಹೆಬ್ಬೆಟ್ಟು. ಮುಂದಿನ ಸಭೆಗೆ ಆಕೆ ಬಾರದಿದ್ದರೆ ಅದನ್ನು ನಿರಾಸಕ್ತಿ ಎನ್ನುವುದು ನ್ಯಾಯವಲ್ಲ.

ಸಂಜೆ ಶಾಲೆ ಬಿಡುವ ವೇಳೆಗೋ ಕಾರ್ಖಾನೆಗೆ ರಜೆಯಿರುವ ದಿನವೋ ಸಭೆಯಿಟ್ಟು, ಇಡೀ ಶಾಲೆಯ ಪೋಷಕರ ಬದಲು ಒಂದೊಂದೇ ತರಗತಿಯವರನ್ನು ಕರೆದರೆ ಚಿತ್ರ ಬದಲಾಗಬಲ್ಲದು. ಇಪ್ಪತ್ತೈದು ಜನ ಕುಳಿತಾಗ ಪ್ರತಿಯೊಬ್ಬರಿಗೂ ಅವರವರ ಮಗುವಿನ ಬಗ್ಗೆ ಎರಡು ಮಾತು ಹೇಳಬಹುದು. ಇನ್ನೂರು ಜನರ ಮುಂದೆ ಭಾಷಣವನ್ನಷ್ಟೇ ಮಾಡಬಹುದು. ದೆಹಲಿ ಸರ್ಕಾರ 2016ರ ಜುಲೈನಲ್ಲಿ ತನ್ನ ಶಾಲೆಗಳಲ್ಲೆಲ್ಲ ಒಂದೇ ದಿನ ಪೋಷಕರ ಬೃಹತ್ ಸಭೆ ನಡೆಸಿ ದೇಶದ ಗಮನ ಸೆಳೆಯಿತು. ಅಂಥ ಮೇಳಗಳಿಂದ ಪ್ರಚಾರ ಸಿಗುತ್ತದೆ, ಮೊದಲ ಬಾರಿ ಶಾಲೆಯ ಮೆಟ್ಟಿಲು ಹತ್ತುವವರಿಗೆ ಧೈರ್ಯವೂ ಬರುತ್ತದೆ. ಆದರೆ ವರ್ಷಕ್ಕೊಂದು ಮೇಳಕ್ಕಿಂತ ತಿಂಗಳಿಗೊಂದು ಹತ್ತು ನಿಮಿಷದ ಮಾತುಕತೆ ಹೆಚ್ಚು ಬೆಲೆಯದು.

ಪ್ರಗತಿಪತ್ರದ ಭಾಷೆ

ಪೋಷಕರು ಬಂದರು ಎನ್ನೋಣ. ಅವರ ಕೈಗೆ ಮಗುವಿನ ಪ್ರಗತಿಪತ್ರ ಬರುತ್ತದೆ. ಅದರಲ್ಲಿ ನಾಲ್ಕು ‘ರೂಪಣಾತ್ಮಕ ಮೌಲ್ಯಮಾಪನ’, ಎರಡು ‘ಸಂಕಲನಾತ್ಮಕ ಮೌಲ್ಯಮಾಪನ’, ಅವುಗಳ ಎದುರು ಎ ಪ್ಲಸ್, ಬಿ, ಸಿ ಎಂಬ ಶ್ರೇಣಿಗಳು. ಪದವೀಧರ ತಂದೆಯೂ ಈ ಪದಗಳ ಮುಂದೆ ಒಂದು ಕ್ಷಣ ನಿಲ್ಲುತ್ತಾನೆ. ತಾನೇ ಮೂರನೆಯ ತರಗತಿಗೆ ಓದು ಬಿಟ್ಟ ತಾಯಿ ಏನು ಮಾಡಬೇಕು? ‘ಪಾಸೋ, ಫೇಲೋ ಹೇಳಿ ಸಾರ್’ ಎಂದು ಕೇಳುತ್ತಾಳೆ. ವರ್ಷದ ನಡುವೆ ಆಗಾಗ ನಡೆಯುವ ಸಣ್ಣ ಪರೀಕ್ಷೆ, ಚಟುವಟಿಕೆಗಳು ರೂಪಣಾತ್ಮಕ. ಅರ್ಧವಾರ್ಷಿಕ ಮತ್ತು ವಾರ್ಷಿಕ ಪರೀಕ್ಷೆಗಳು ಸಂಕಲನಾತ್ಮಕ. ಹೀಗೆ ಒಂದು ಸಾಲಿನಲ್ಲಿ ಹೇಳಬಹುದಾದದ್ದನ್ನು ಹೇಳದೆ ಬಿಟ್ಟರೆ, ಪ್ರಗತಿಪತ್ರ ಕೇವಲ ಸಹಿ ಹಾಕಿ ಹಿಂದಿರುಗಿಸುವ ಕಾಗದವಾಗುತ್ತದೆ.

ಇದಕ್ಕಿಂತ ಸರಳವಾದ ಉಪಾಯವೂ ಇದೆ. ತಾಯಿಯ ಎದುರೇ ಮಗುವಿನ ಕೈಗೆ ಪುಸ್ತಕ ಕೊಟ್ಟು ಒಂದು ಪುಟ ಓದಿಸುವುದು. ಜೂನ್ ತಿಂಗಳ ನೋಟ್‌ಬುಕ್ಕನ್ನೂ ನವೆಂಬರ್‌ನದನ್ನೂ ಅಕ್ಕಪಕ್ಕ ಇಡುವುದು. ಮಗಳು ಸರಾಗವಾಗಿ ಓದುತ್ತಿದ್ದಾಳೋ ಇಲ್ಲವೋ ಎಂದು ತಿಳಿಯಲು ತಾಯಿಗೆ ಅಕ್ಷರ ಬರಬೇಕಾಗಿಲ್ಲ, ಕಿವಿ ಸಾಕು. ಶಿಕ್ಷಣ ಇಲಾಖೆಯ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ಆಶಯವೂ ಇದೇ. ಉತ್ತರ ಪತ್ರಿಕೆಗಳನ್ನೂ ಮಕ್ಕಳ ಕೆಲಸವನ್ನೂ ಪೋಷಕರ ಮುಂದೆ ಹರಡಿ ಮಾತನಾಡಬೇಕೆಂಬುದು ಅಲ್ಲಿನ ಕ್ರಮ. ಅದನ್ನು ಶ್ರದ್ಧೆಯಿಂದ ಮಾಡುವ ಶಾಲೆಗಳಿವೆ. ಫೋಟೊ ತೆಗೆದು ವರದಿ ಕಳಿಸಿ ಮುಗಿಸುವ ಶಾಲೆಗಳೂ ಇವೆ.

ಸರ್ಕಾರಿ ಶಾಲೆಯ ಮೊದಲ ಮೂರು ತರಗತಿಗಳ ಗೋಡೆಯ ಮೇಲೆ ಇಂಥದೊಂದು ಸಾಧನ ಆಗಲೇ ಇದೆ ಎಂಬುದು ಎಷ್ಟೋ ಪೋಷಕರಿಗೆ ಗೊತ್ತಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, 2009-10ರ ಸಾಲಿನಿಂದ ರಾಜ್ಯವ್ಯಾಪಿಯಾದ ನಲಿ-ಕಲಿ ಪದ್ಧತಿಯಲ್ಲಿ ಪಾಠವನ್ನು ಏಣಿಯ ಮೆಟ್ಟಿಲುಗಳಂತೆ ಚಿಕ್ಕಚಿಕ್ಕದಾಗಿ ಒಡೆಯಲಾಗಿದೆ. ಮಗು ಒಂದು ಮೆಟ್ಟಿಲು ಮುಗಿಸಿ ಮುಂದಿನದಕ್ಕೆ ಏರುತ್ತದೆ. ಮೆಟ್ಟಿಲಿಗೊಂದು ಚಿತ್ರದ ಗುರುತು. ಯಾವ ಮಗು ಎಲ್ಲಿಯವರೆಗೆ ಬಂದಿದೆ ಎಂಬುದಕ್ಕೆ ‘ಪ್ರಗತಿನೋಟ’ದ ಪಟ್ಟಿ. ತಾಯಿಯನ್ನು ಆ ಏಣಿಯ ಮುಂದೆ ನಿಲ್ಲಿಸಿ, ‘ನಿಮ್ಮ ಮಗ ಹೋದ ತಿಂಗಳು ಇಲ್ಲಿದ್ದ, ಈಗ ಇಲ್ಲಿದ್ದಾನೆ, ಈ ಮೆಟ್ಟಿಲಿನಲ್ಲಿ ಸ್ವಲ್ಪ ಕಷ್ಟಪಡುತ್ತಿದ್ದಾನೆ’ ಎಂದು ಬೆರಳಿಟ್ಟು ತೋರಿಸಿದರೆ ಮತ್ತೊಂದು ವಿವರಣೆಯೇ ಬೇಡ. ನಲಿ-ಕಲಿ ಕೊಠಡಿಯಲ್ಲಿ ಬೆಂಚಿಲ್ಲ, ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ಆಡುತ್ತಿರುತ್ತಾರೆ, ‘ಇಲ್ಲಿ ಪಾಠವೇ ನಡೆಯುವುದಿಲ್ಲ’ ಎಂದು ಹತ್ತಿರದ ಕಾನ್ವೆಂಟಿಗೆ ಸೇರಿಸಿದ ಪೋಷಕರು ಕಡಿಮೆಯಿಲ್ಲ. ಆ ಆಟ ಏನೆಂದು ಅವರಿಗೆ ಯಾರೂ ವಿವರಿಸಿರಲಿಲ್ಲ. ಹಾಜರಾತಿ ಪುಸ್ತಕದಿಂದ ಒಂದು ಹೆಸರು ಅಳಿದುಹೋಗಲು ಇಷ್ಟು ಸಾಕು.

ಫೋನು ಯಾರ ಕೈಯಲ್ಲಿದೆ?

ಈಗ ಎಲ್ಲಕ್ಕೂ ವಾಟ್ಸ್‌ಆ್ಯಪ್ ಇದೆಯಲ್ಲ ಎನ್ನಬಹುದು. ಖಾಸಗಿ ಶಾಲೆಗಳಲ್ಲಿ ಡೈರಿಯ ಕೆಲಸವನ್ನು ಅದು ಬಹುಮಟ್ಟಿಗೆ ಕಸಿದುಕೊಂಡಿದೆ. ಸರ್ಕಾರಿ ಶಾಲೆಗಳಲ್ಲೂ ತರಗತಿಗೊಂದು ಗುಂಪು ಹುಟ್ಟಿಕೊಂಡಿದೆ. ಆದರೆ ಸಂದೇಶ ಹೋಯಿತು ಎನ್ನುವುದೂ ತಲುಪಿತು ಎನ್ನುವುದೂ ಒಂದೇ ಅಲ್ಲ. ಕೊರೊನಾ ಕಾಲದಲ್ಲಿ, 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಆರಂಭಿಸಿದಾಗ ಇಲಾಖೆಯೇ ಮಕ್ಕಳನ್ನು ಮೂರು ಗುಂಪು ಮಾಡಬೇಕಾಯಿತು: ಯಾವ ಫೋನೂ ಇಲ್ಲದ ಮನೆಯವರು, ಸಾದಾ ಫೋನು ಇರುವವರು, ಇಂಟರ್ನೆಟ್ ಸಹಿತ ಸ್ಮಾರ್ಟ್‌ಫೋನ್ ಇರುವವರು. ಆ ನಂತರ ಸ್ಮಾರ್ಟ್‌ಫೋನುಗಳು ಹೆಚ್ಚಿವೆ, ನಿಜ. ಆದರೂ ಮನೆಯಲ್ಲಿರುವ ಒಂದೇ ಫೋನು ಬೆಳಗ್ಗೆ ತಂದೆಯೊಂದಿಗೆ ಹೊರಗೆ ಹೋಗಿ ರಾತ್ರಿ ಮರಳುವ ಮನೆಗಳು ಈಗಲೂ ಇವೆ. ಮಗುವನ್ನು ಎಬ್ಬಿಸಿ, ತಲೆ ಬಾಚಿ ಶಾಲೆಗೆ ಕಳಿಸುವ ತಾಯಿಗೆ ‘ನಾಳೆ ಲಸಿಕೆ ಇದೆ’ ಎಂಬ ಸಂದೇಶ ಮುಟ್ಟುವುದು ನಾಳೆ ಕಳೆದ ಮೇಲೆ.

ಆದ್ದರಿಂದ ಮುಖ್ಯ ಶಿಕ್ಷಕರು ಮೊದಲು ತಿಳಿಯಬೇಕಾದದ್ದು ಯಾವ ಮನೆಗೆ ಯಾವ ದಾರಿ ಎಂಬುದನ್ನು. ಕೆಲವರಿಗೆ ಸಂದೇಶ, ಕೆಲವರಿಗೆ ಕರೆ, ಓದಲು ಬಾರದವರಿಗೆ ಧ್ವನಿಮುದ್ರಿತ ಮಾತು, ಇನ್ನು ಕೆಲವರಿಗೆ ಪಕ್ಕದ ಮನೆಯ ಅಕ್ಕನ ಮೂಲಕ ಹೇಳಿಕಳಿಸುವುದು. ಒಂದು ಮಗುವಿನ ಅಂಕವನ್ನೋ ತಪ್ಪನ್ನೋ ಇಡೀ ಗುಂಪಿನಲ್ಲಿ ಹಾಕುವುದು ಮಾತ್ರ ಸಲ್ಲದು; ಅದು ಮಗುವಿಗೂ ಅವಮಾನ, ಮನೆಯವರಿಗೂ ಅವಮಾನ. ವರ್ಷಕ್ಕೆ ಎರಡು ಬಾರಿಯಾದರೂ ಒಳ್ಳೆಯ ಸುದ್ದಿ ಹೇಳಲೆಂದೇ ಕರೆ ಮಾಡಿದ ಶಾಲೆ, ಮುಂದೊಂದು ದಿನ ಕಷ್ಟದ ಮಾತು ಹೇಳಿದಾಗ ಪೋಷಕರು ಕಿವಿಗೊಡುತ್ತಾರೆ.

ದೇಣಿಗೆಯ ಆಚೆಗೆ

ಪೋಷಕರ ಸಹಭಾಗಿತ್ವವೆಂದರೆ ಗೋಡೆಗೆ ಬಣ್ಣ, ಶಾಲೆಗೆ ಫ್ಯಾನು ಎಂಬ ಅರ್ಥ ರೂಢಿಯಾಗಿದೆ. ಹಣ ಕೊಡಲಾರದವರು ಹಿಂದೆ ಸರಿಯುತ್ತಾರೆ. ಆದರೆ ಬಿಸಿಯೂಟದ ಅಡುಗೆ ಮನೆಗೆ ಸರದಿಯಂತೆ ಬಂದು ಅಕ್ಕಿ, ಬೇಳೆ, ಎಣ್ಣೆ ನೋಡಿ ರುಚಿ ಹೇಳಲು ತಾಯಂದಿರಿಗೆ ಹಣ ಬೇಕಿಲ್ಲ. ಇದು ಉಪಚಾರದ ಮಾತಲ್ಲ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಕೀಟನಾಶಕ ಬೆರೆತ ಊಟ ಉಂಡು 23 ಮಕ್ಕಳು ಅಸುನೀಗಿದರು. ಅಡುಗೆ ಮನೆಯಲ್ಲಿ ಇನ್ನೊಂದು ಜೊತೆ ಕಣ್ಣು ಇರುವುದರ ಬೆಲೆ ಅದು.

ಹಾಜರಾತಿಯ ವಿಷಯವೂ ಅಷ್ಟೇ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಕಬ್ಬು ಕಡಿಯಲೋ ಗುಳೆ ಹೊರಡುತ್ತವೆ. ಮಗು ಹದಿನೈದು ದಿನ ಬಾರದಿದ್ದಾಗ ಮನೆಗೆ ಹೋಗಿ ಬೀಗ ನೋಡಿ ಬರುವುದಕ್ಕಿಂತ, ದಸರಾ ರಜೆಗೆ ಮುಂಚೆಯೇ ‘ಈ ವರ್ಷ ಹೋಗುತ್ತೀರಾ? ಎಲ್ಲಿಗೆ? ಮಗುವನ್ನು ಅಜ್ಜಿಯ ಬಳಿ ಬಿಡಬಹುದೇ?’ ಎಂದು ಕೇಳಿದ ಮುಖ್ಯ ಶಿಕ್ಷಕರ ಕೈಯಲ್ಲಿ ಏನಾದರೂ ಮಾಡುವ ಅವಕಾಶ ಉಳಿದಿರುತ್ತದೆ. ಹೋಗುವ ಊರಿನ ಶಾಲೆಗೆ ಸೇರಿಸುವುದು, ಋತುಮಾನದ ವಸತಿ ವ್ಯವಸ್ಥೆಗೆ ಹೆಸರು ಕಳಿಸುವುದು ಇವೆಲ್ಲ ಮೊದಲೇ ಗೊತ್ತಿದ್ದರೆ ಸಾಧ್ಯ. ಆ ಮಾಹಿತಿ ಇರುವುದು ಪೋಷಕರ ಬಳಿ ಮಾತ್ರ. ಶಾಲೆ ಹೇಳುವುದಷ್ಟನ್ನೇ ಮಾಡಿ ಕೇಳುವುದನ್ನು ಬಿಟ್ಟರೆ ಅದು ಸಿಗದು.

ಇಷ್ಟೆಲ್ಲ ಬರೆಯುವಾಗ ಮುಖ್ಯ ಶಿಕ್ಷಕರ ಮೇಜನ್ನೂ ಒಮ್ಮೆ ನೋಡಬೇಕು. ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅವರು ಮುಖ್ಯಸ್ಥರೂ ಹೌದು, ತರಗತಿಯ ಶಿಕ್ಷಕರೂ ಹೌದು, ಗುಮಾಸ್ತರೂ ಹೌದು. ಮಕ್ಕಳ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ತುಂಬುವುದು, ಹಾಲಿನ ಪುಡಿ, ಮೊಟ್ಟೆ, ಬಾಳೆಹಣ್ಣಿನ ಲೆಕ್ಕ, ಚುನಾವಣಾ ಕೆಲಸ ಎಲ್ಲವೂ ಅವರದೇ. 2025ರ ಅಕ್ಟೋಬರ್‌ನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಶಿಕ್ಷಕರು ಮನೆ ಮನೆ ಸುತ್ತಿದರು. ಅದಕ್ಕಾಗಿ ಶಾಲೆಗಳ ದಸರಾ ರಜೆಯನ್ನೇ ವಿಸ್ತರಿಸಬೇಕಾಯಿತು. ಪ್ರತಿ ಮನೆಯ ಬಾಗಿಲು ತಟ್ಟಲು ಇಲಾಖೆ ಅವರಿಗೆ ಸಮಯ ಕೊಟ್ಟಿದ್ದು ಸಮೀಕ್ಷೆಗಾಗಿ. ಮಗುವಿನ ಓದಿನ ಮಾತಿಗಾಗಿ ಅಷ್ಟೇ ಸಮಯ ಕೊಟ್ಟ ನೆನಪಿಲ್ಲ.

ಪೋಷಕರ ಕಡೆಯಿಂದಲೂ ಕೇಳಬಹುದಾದದ್ದಿದೆ. 22ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯು ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕು. ಅದನ್ನು ತೋರಿಸಿ ಎನ್ನಬಹುದು. ಸರ್ಕಾರಿ ಶಾಲೆಯ ಸಮಿತಿಯ ನಡಾವಳಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ ಪಡೆಯಬಹುದು. ಶಿಕ್ಷಣ ಹಕ್ಕು ಕಾಯ್ದೆಯಡಿ ಮಗುವಿಗೆ ಸಲ್ಲಬೇಕಾದದ್ದು ಸಲ್ಲದಿದ್ದರೆ 32ನೇ ಸೆಕ್ಷನ್‌ನಂತೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಲು ಯಾರಿಗೂ ಅವಕಾಶವಿದೆ. ಎರಡೂ ಕಡೆಯವರ ಅಹವಾಲು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು ಎಂಬುದು ನಿಯಮ. ಆದರೆ ಅಲ್ಲಿಯವರೆಗೆ ಹೋಗುವ ಮುನ್ನ, ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು, ‘ಮೇಡಂ, ನನ್ನ ಮಗಳು ಓದುವುದನ್ನು ಒಮ್ಮೆ ಕೇಳಬಹುದಾ?’ ಎಂದು ವಿಚಾರಿಸಲು ಯಾವ ಅರ್ಜಿಯೂ ಬೇಕಾಗಿಲ್ಲ.